ವಿಜಯಪುರ ಸಂಸದರಿಗೆ ಒಂದು ಬಹಿರಂಗ ಪತ್ರ: ನರಮೇಧಕ್ಕ ನಮ್ಮಲ್ಲಿ ಕಾನೂನು ಯಾವಾಗ್ರಿ?

ಸಂಸದ ಸಾಹೇಬ್ರಿಗೆ ನಮಸ್ಕಾರ್ರಿ,

ಡೋಣಿ ನದಿ, ದ್ರಾಕ್ಷಿ ರೇಟು ಎಲ್ಲಾ ಬಿಟ್ಟು ಇಂವ ಏನ್ ನರಮೇಧದ ಮಾತು ತಗದಾನ ಅಂತ ನಿಮಗ ಅನ್ನಸಬಹುದು. ಅವನ್ನ ಕೇಳಾಕ ಮಂದಿ ಅದಾರ್ರಿ, ಇದನ್ನ ಕೇಳವ್ರಿಲ್ಲ.

ನರಮೇಧ ಅಂದ್ರ ಒಂದು ಜನಾಂಗದವ್ರನ್ನೋ ಧರ್ಮದವ್ರನ್ನೋ ಅಳಸಿ ಹಾಕಬೇಕಂತ ಕೊಲ್ಲೂದು. ಅದನ್ನ ತಡೀತೀವಿ, ಮಾಡಿದವ್ರಿಗೆ ಶಿಕ್ಷೆ ಕೊಡ್ತೀವಿ ಅಂತ 1948ರಾಗ ವಿಶ್ವಸಂಸ್ಥೆಯೊಳಗ ಒಂದು ಒಪ್ಪಂದ ಆತು, 1959ರಾಗ ಭಾರತ ಅದನ್ನ ಪಕ್ಕಾ ಒಪ್ಕೊಂತು. ಇದಕ್ಕ ಬೇಕಾದ ಕಾನೂನು ನಮ್ಮ ನಮ್ಮ ದೇಶದಾಗ ಮಾಡ್ಕೊಂತೀವಿ ಅನ್ನೂದೂ ಅದರ 5ನೇ ಕಲಂನಾಗ ಐತಿ. ನಾವು ಮಾಡಿಲ್ಲ. 1984ರ ಸಿಖ್ಖರ ಹತ್ಯೆ ಕೇಸಿನಾಗ ದಿಲ್ಲಿ ಹೈಕೋರ್ಟ್ 2018ರಾಗ ತೀರ್ಪು ಕೊಡುವಾಗ, ನರಮೇಧ ನಮ್ಮ ಕ್ರಿಮಿನಲ್ ಕಾನೂನಿನಾಗ ಒಂದು ಅಪರಾಧ ಅಂತ ಇಲ್ಲೇ ಇಲ್ಲ, ಈ ತೂತು ಲಗೂನ ಮುಚ್ಚಬೇಕು ಅಂತ ಹೇಳ್ತು. ಆಮ್ಯಾಲ ಐಪಿಸಿ ತಗದು ನ್ಯಾಯ ಸಂಹಿತೆ ತಂದ್ರಿ, 2024ರ ಜುಲೈದಾಗ ಜಾರಿನೂ ಆತು, ಇಡೀ ಮನಿ ಕೆಡವಿ ಹೊಸಾದು ಕಟ್ಟಿದ್ರೂ ಸೋರೂ ಜಾಗಾ ಹಂಗ ಬಿಟ್ರಿ.

ಕಾನೂನು ಬರದ್ರ ಕೊಲ್ಲೂದು ನಿಲ್ತೈತೇನು ಅಂತೀರಿ. ಬರೇ ಕಾಗದದಿಂದ ನಿಲ್ಲೂದಿಲ್ಲ, ಖರೆ. ಆಫ್ರಿಕಾದ ರುವಾಂಡಾದಾಗ 1994ರ ಜನವರಿಯಾಗನ ವಿಶ್ವಸಂಸ್ಥೆ ಪಡೆಯ ಕಮಾಂಡರ್ ರೊಮಿಯೋ ಡಲ್ಲೇರ್, ಅಲ್ಲಿನ ಟುಟ್ಸಿ ಜನಾಂಗದವ್ರನ್ನ ಕೊಲ್ಲಾಕ ಪಟ್ಟಿ ಮಾಡಾಕತ್ತಾರ, ಹತ್ಯಾರ ಬಚ್ಚಿಟ್ಟಾರ, ರೇಡ್ ಮಾಡ್ತೀನಿ ಅಂತ ನ್ಯೂಯಾರ್ಕಿಗೆ ತಿಳಸಿದ್ರು, ಮೇಲಿನವ್ರು ಬ್ಯಾಡ ಅಂದ್ರು. ಬರೋಬ್ಬರಿ ಮೂರು ತಿಂಗಳಿಗೆ, ಏಪ್ರಿಲ್ 11ಕ್ಕ, ಕಿಗಾಲಿಯ ಒಂದು ಟೆಕ್ನಿಕಲ್ ಸ್ಕೂಲಿನಾಗ ಜೀವ ಉಳಸ್ಕೊಳ್ಳಾಕ ಸೇರಿದ್ದ ಸುಮಾರು 2,000 ಮಂದೀನ ಅಲ್ಲೇ ಕಾವಲಿದ್ದ ಅದ ವಿಶ್ವಸಂಸ್ಥೆ ಪಡೆಯ ಬೆಲ್ಜಿಯಂ ಸೈನಿಕರು ಬಿಟ್ಟು ಹೊಂಟ್ರು. ಮಂದಿ ಗಾಡಿಗೆ ಅಡ್ಡ ನಿಂತ್ರು. ಗಾಡಿ ಹ್ವಾದ್ವು, ಗೇಟಿನ ಹೊರಗ ಮಚ್ಚು ಹಿಡ್ಕೊಂಡು ಕಾಯಾಕತ್ತವ್ರು ಒಳಗ ಬಂದ್ರು, ಅವತ್ತ ಹೆಚ್ಚುಕಡಿಮಿ ಎಲ್ಲಾರ್ನೂ ಕೊಂದ್ರು. ಗೊತ್ತಿರಲಿಲ್ಲ ಅನ್ನಾಕ ಯಾರಿಗೂ ಬಾಯಿ ಇರಲಿಲ್ಲ, ಎಲ್ಲಾ ಗೊತ್ತಿದ್ದೂ ನಮ್ದೇನು ಜವಾಬ್ದಾರಿ ಅಂತ ಕುಂತ್ರು. ಆ ಜವಾಬ್ದಾರಿ ನಮ್ಮ ಕಾನೂನಿನಾಗೂ ಇರ್ಲಿ ಅಂತನ ನಾ ಕೇಳಾಕತ್ತಿದ್ದು.

ಸುಡಾನ್ ದೇಶದ ಡಾರ್ಫುರ್ ಅಂದ್ರ ಅದೆಲ್ಲೈತಿ ಅಂತೀವಿ, ಗಾಜಾ ಅಂದ್ರ ನೀ ಯಾವ ಪಾರ್ಟಿ ಅಂತ ಕೇಳ್ತೀವಿ. ಸತ್ತವ್ರು ನಮ್ಮವ್ರಾದ್ರ ನರಮೇಧ, ಬ್ಯಾರೇದವ್ರಾದ್ರ ಗಲಾಟೆ! (ವಾಟ್ಸ್ಯಾಪ್ ಗ್ರೂಪಿನಾಗ ಇದನ್ನ ಅಂದು ಬೈಸ್ಕೊಂಡೀನಿ, ಇರ್ಲಿ.) ಸಭಾದಾಗ ನೀವು ಬಸವಣ್ಣನ ವಚನ ಹೇಳದ ಭಾಷಣ ಶುರು ಮಾಡೂದಿಲ್ಲ, ಬಸವನ ಬಾಗೇವಾಡಿ ನಿಮ್ಮ ಜಿಲ್ಲಾದಾಗನ ಐತಿ, ದಯೆ ಬಗ್ಗೆ ನಾ ನಿಮಗೇನ್ ಹೇಳ್ಲಿ.

ಒಪ್ಪಂದ ಜಾರಿ ಮಾಡೂ ಕಾನೂನು ತರಾಕ ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟೈತಿ, ಮಂತ್ರಿ ಅಲ್ದವ್ರೂ ಖಾಸಗಿ ಮಸೂದೆ ತರಬಹುದು. ಪಾಸಾಗೂದಿಲ್ಲ, ಗೊತ್ತೈತಿ. ಮಂಡನೆ ಆದ್ರ ದಾಖಲಾಗ್ತೈತಿ. ಅದೂ ಆಗೂದಿಲ್ಲ ಅಂದ್ರ, ಯಾಕ ಇನ್ನಾ ಕಾನೂನು ಮಾಡಿಲ್ಲ ಅಂತ ಗೃಹ ಸಚಿವರಿಗೆ ಲಿಖಿತ ಪ್ರಶ್ನೆನರ ಹಾಕ್ರಿ, ಉತ್ತರ ಬಂದ್ರ ಕನ್ನಡದಾಗ ನಮಗೂ ತಿಳಸ್ರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ವಿಜಯಪುರ