ಹೊಟ್ಟೆ ನೀರಿನ ಪರೀಕ್ಷೆ ತಾಲ್ಲೂಕಿನಲ್ಲೇ ಆಗಲಿ

ಮಾನ್ಯರೇ,

ಲಿವರ್ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಆ ನೀರಿನಲ್ಲೇ ಬ್ಯಾಕ್ಟೀರಿಯಾ ಸೋಂಕು ಆಗಬಹುದು. ಜ್ವರ ಬಂದೇ ಬರುತ್ತದೆ ಅಂತೇನಿಲ್ಲ. ಕೆಲವರಿಗೆ ಬರೀ ಮಂಕು, ತಡವರಿಸುವ ಮಾತು, ಸ್ವಲ್ಪ ಹೊಟ್ಟೆನೋವು. ‘ಮತ್ತೆ ಕುಡಿದಿರಬೇಕು’ ಅಂತ ಮನೆಯವರು ಸುಮ್ನಾಗುತ್ತಾರೆ. (ಕುಡಿಯದವರಿಗೂ ಸಿರೋಸಿಸ್ ಬರುತ್ತದೆ, ಅದು ಬೇರೆ ಮಾತು.)

ಸೂಜಿಯಿಂದ ಹೊಟ್ಟೆಯ ನೀರು ಸ್ವಲ್ಪ ತೆಗೆದು ನೋಡಿದಾಗ, ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಕಣಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) 250 ದಾಟಿದ್ದರೆ ಕಲ್ಚರ್ ವರದಿಗೆ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಾಯದೆ ಆಂಟಿಬಯಾಟಿಕ್ ಶುರು ಮಾಡಬೇಕು. ತಡವಾದಷ್ಟೂ ಕಿಡ್ನಿಗೆ, ಜೀವಕ್ಕೆ ಅಪಾಯ ಜಾಸ್ತಿ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಮೈಕ್ರೋಸ್ಕೋಪ್, ಪಳಗಿದ ಟೆಕ್ನಿಷಿಯನ್ ಇದ್ದರೆ ಆಯಿತು, ಅಲ್ವಾ? ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಇಷ್ಟಕ್ಕಾಗಿ ಮಳೆಗಾಲದಲ್ಲಿ ಚಿಕ್ಕಮಗಳೂರಿಗೆ ಓಡಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತೂ ಈ ಪರೀಕ್ಷೆ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಒಬ್ಬ ಓದುಗ, ಮೂಡಿಗೆರೆ