ಫೋಟೊ ಹಿಂದೆ ಹೆಸರು ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಹೊಟ್ಟೆಪಾಡಿಗೆ ಫೋಟೊ ತೆಗೆಯುವವನಲ್ಲ. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ, ಅಷ್ಟೇ. ಕಳೆದ ತಿಂಗಳು ಒಂದು ಶನಿವಾರ ಮೆಟ್ರೊದಲ್ಲಿ ಜಾಲಹಳ್ಳಿಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಎಚ್‌ಎಂಟಿ ಮ್ಯೂಸಿಯಂ ನೋಡಿ ಬಂದೆ. 2019ರಲ್ಲಿ ಶುರುವಾಗಿದ್ದು. ಬೆಂಗಳೂರಿನಲ್ಲೇ ಇದ್ದುಕೊಂಡು ಇಷ್ಟು ದಿನ ಯಾಕೆ ಹೋಗಲಿಲ್ಲವೋ ಗೊತ್ತಿಲ್ಲ.

ಎಚ್‌ಎಂಟಿ ಅಂದರೆ ನಮಗೆಲ್ಲ ವಾಚು. ಆದರೆ 1953ರಲ್ಲಿ ಅದು ಹುಟ್ಟಿದ್ದು ಯಂತ್ರ ಮಾಡುವ ಯಂತ್ರಗಳಿಗಾಗಿ, ಅಂದರೆ ಲೇತು ಮುಂತಾದವುಗಳಿಗಾಗಿ. ವಾಚು ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. ಆಮೇಲೆ ಟ್ರ್ಯಾಕ್ಟರೂ ಬಂತು. ಲಾಲ್‌ಬಾಗಿನ ಹೂವಿನ ಗಡಿಯಾರವನ್ನು 1983ರಲ್ಲಿ ಕೂರಿಸಿದವರೂ ಇವರೇ. ಮುಂದೆ ನಷ್ಟ ಏರುತ್ತಾ ಹೋಗಿ 2016ರಲ್ಲಿ ಕೇಂದ್ರ ಸರ್ಕಾರ ವಾಚು ಕಂಪನಿ ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟಿತು.

ಗಾಜಿನ ಒಳಗಿರುವ ವಾಚಿನ ಫೋಟೊ ತೆಗೆಯುವುದು ಸುಲಭ ಅಲ್ಲ. ಡಯಲ್ ಮೇಲೆ ನಮ್ಮ ಮುಖವೇ ಬಿದ್ದಿರುತ್ತದೆ. ಲೆನ್ಸಿನ ಬಾಯಿಗೆ ರಬ್ಬರ್ ಹುಡ್ ಹಾಕಿ, ಗಾಜಿಗೆ ಮೆಲ್ಲಗೆ ಒತ್ತಿ, ಸುತ್ತ ಒಂದು ಕಪ್ಪು ಬಟ್ಟೆ ಹಿಡಿದರೆ ಆ ನೆರಳು ಮಾಯವಾಗುತ್ತದೆ. ಹಾಗೆ ಹಿಡಿದು ಒಂದು ಜನತಾ ವಾಚಿನ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಬಿಳಿ ಡಯಲ್, ಅದರ ಮೇಲೆ ದೇವನಾಗರಿಯಲ್ಲಿ ಜನತಾ ಅಂತ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ 17 ಜ್ಯುವೆಲ್ಸ್. ಚಕ್ರದ ತುದಿ ತಿರುಗುವ ಕಡೆ ಸವೆಯಬಾರದು ಅಂತ ಕೂರಿಸುವ ಕೆಂಪು ಕಲ್ಲುಗಳು ಅವು, ಎಳ್ಳಿಗಿಂತ ಚಿಕ್ಕವು. ಕೀ ಕೊಟ್ಟರೆ ಆ ವಾಚು ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಬಡಿದುಕೊಳ್ಳುತ್ತದೆ. ಅಂಥದ್ದನ್ನು ಚಿಮುಟದಲ್ಲಿ ಹಿಡಿದು ಕೂರಿಸಿದ ಕೈ ಎಷ್ಟು ಗಟ್ಟಿಯಾಗಿ ನಿಂತಿರಬೇಕು! ನನ್ನ ಕೈ ಅಲುಗಾಡಿ ಹತ್ತು ಫೋಟೊದಲ್ಲಿ ಏಳು ಮಸುಕಾದವು.

ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದ ಅಮ್ಮ ಮಗಳ ಜೊತೆ ನಿಂತಿದ್ದರು. ನಾನು ಪರದಾಡುವುದನ್ನು ನೋಡಿ, "ಮೊಣಕೈ ಊರಪ್ಪ, ಉಸಿರು ಬಿಟ್ಟ ಮೇಲೆ ತೆಗಿ, ನಾವು ಹಾಗೇ ಮಾಡ್ತಿದ್ದೆವು" ಅಂದರು. ನೋಡಿದರೆ ಅವರು ವಾಚು ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಇದ್ದವರು. ಮದುವೆಗೆ ಮುಂಚೆಯೇ ಸೇರಿ ನಿವೃತ್ತಿವರೆಗೂ ಅಲ್ಲೇ ಕೆಲಸ. ಅವರು ಹೇಳಿದ ಹಾಗೆ ಮಾಡಿದೆ, ಫೋಟೊ ಚೊಕ್ಕವಾಗಿ ಬಂತು.

ಹೊರಗೆ ಬಂದು ಮರದ ಕೆಳಗೆ ಕೂತಾಗ ಅವರು ಪರ್ಸಿನಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದರು. ಹನ್ನೊಂದು ಜನ ಹೆಣ್ಣುಮಕ್ಕಳು, ಎರಡು ಸಾಲು, ಎಲ್ಲರೂ ಒಂದೇ ಥರದ ಕೋಟು. ಒಬ್ಬರ ಹಣೆಯ ಮೇಲೆ ವಾಚು ನೋಡುವ ಐ ಗ್ಲಾಸ್ ಹಾಗೇ ಉಳಿದುಬಿಟ್ಟಿದೆ, ತೆಗೆಯಲು ಮರೆತಿರಬೇಕು. ಅಮ್ಮ ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದರು. ಏಳು ಹೆಸರು ಬಂದವು. ಹಿಂದಿನ ಸಾಲಿನ ಎಡಗಡೆಯವರ ಹತ್ತಿರ ಬೆರಳು ನಿಂತಿತು. "ಇವಳು ದಿನಾ ಮಲ್ಲಿಗೆ ತರ್ತಿದ್ದಳು, ಎಲ್ಲರಿಗೂ ಒಂದೊಂದು ತುಂಡು ಕೊಡ್ತಿದ್ದಳು. ಹೆಸರು... ಅಯ್ಯೋ, ಬಾಯಲ್ಲೇ ಇದೆ." ಬರಲೇ ಇಲ್ಲ. ಮಿಕ್ಕ ಮೂವರದ್ದೂ ಹಾಗೇ. ಒಬ್ಬರು ತರುತ್ತಿದ್ದ ಮಾವಿನಕಾಯಿ ಚಿತ್ರಾನ್ನದ ರುಚಿ ನೆನಪಿದೆ, ಇನ್ನೊಬ್ಬರ ಮಗುವಿನ ನಾಮಕರಣ ನೆನಪಿದೆ, ಹೆಸರು ಮಾತ್ರ ಇಲ್ಲ. ಫೋಟೊ ತಿರುಗಿಸಿದರೆ ಹಿಂದೆ ಸ್ಟುಡಿಯೊದ ಸೀಲು ಬಿಟ್ಟರೆ ಏನೂ ಬರೆದಿಲ್ಲ.

ಇದನ್ನು ಬರೆಯುವಾಗಲೂ ಹೊಟ್ಟೆ ಕಿವುಚುತ್ತದೆ. ವಾಚು ಉಳಿದಿದೆ, ಯಂತ್ರ ಉಳಿದಿದೆ, ಕುರುಡರು ಮುಳ್ಳು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತ್ತು ಅಂತ ಎಲ್ಲರಿಗೂ ಗೊತ್ತು. ಆದರೆ ಅದನ್ನು ಜೋಡಿಸಿದವರು ಯಾರು ಅಂತ ಹೇಳುವವರು ಈಗ ಎಪ್ಪತ್ತು ಎಂಬತ್ತು ದಾಟಿದ್ದಾರೆ. ಇದು ಯಾವ ಮ್ಯೂಸಿಯಮ್ಮೂ ಒಂಟಿಯಾಗಿ ಮಾಡುವ ಕೆಲಸವಲ್ಲ. ಆ ಫೋಟೊಗಳು ಇರುವುದು ನಮ್ಮ ಮನೆಯ ಬೀರುವಿನಲ್ಲಿ, ಸೀರೆ ಮಡಿಕೆಯ ಕೆಳಗೆ.

ಅದಕ್ಕೇ ಈ ಪತ್ರ. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಒಂದು ಅಂಗೈ ಅಗಲದ ಜಾಗ ಕೊಡಿ. ಓದುಗರು ಕಳಿಸಿದ ಕಾರ್ಖಾನೆಯ ಹಳೇ ಫೋಟೊ ಒಂದು, ಗೊತ್ತಿರುವ ಹೆಸರುಗಳು, ಗೊತ್ತಿಲ್ಲದವರ ಜಾಗದಲ್ಲಿ ಖಾಲಿ ಗೆರೆ. ನೋಡಿದವರು ಯಾರಾದರೂ "ಅದು ನಮ್ಮತ್ತೆ" ಅಂತ ಬರೆಯಬಹುದು. ಎಚ್‌ಎಂಟಿ ಒಂದೇ ಅಲ್ಲ. ಬಿನ್ನಿ ಮಿಲ್, ಮಿನರ್ವ ಮಿಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ, ಎಲ್ಲ ಕಡೆ ದುಡಿದವರ ಮನೆಯಲ್ಲೂ ಇಂಥ ಒಂದು ಗುಂಪು ಫೋಟೊ ಇದ್ದೇ ಇರುತ್ತದೆ.

ನನ್ನ ಹಾಗೆ ಕ್ಯಾಮೆರಾ ಹಿಡಿದು ಅಲೆಯುವ ಗೆಳೆಯರಿಗೂ ಒಂದು ಮಾತು. ಯಂತ್ರದ ಫೋಟೊ ಜಾಸ್ತಿ ಆಯಿತು. ನಿಮ್ಮ ಬೀದಿಯಲ್ಲಿ ನಿವೃತ್ತರಾದ ಕಾರ್ಮಿಕರಿದ್ದರೆ ಹೋಗಿ ಅವರ ಆಲ್ಬಮ್ಮಿನ ಫೋಟೊ ತೆಗೆಯಿರಿ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಟ್ಟು ಮೇಲಿನಿಂದ ತೆಗೆದರೆ ಸಾಕು, ಮೊಬೈಲೂ ನಡೆಯುತ್ತದೆ. ಅವರು ಹೇಳುವ ಹೆಸರುಗಳನ್ನು ಅಲ್ಲೇ ಬರೆದುಕೊಳ್ಳಿ. ಹಳೇ ಫೋಟೊ ಹಿಂದೆ ಬರೆಯುವುದಾದರೆ ಪೆನ್ಸಿಲ್ಲಿನಲ್ಲಿ ಮೆತ್ತಗೆ ಬರೆಯಿರಿ, ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.

ಮೊದಲ ಫೋಟೊ ನಾನೇ ಕಳಿಸುತ್ತೇನೆ. ಆ ಅಮ್ಮ ಒಪ್ಪಿದ್ದಾರೆ. ಏಳು ಹೆಸರು ಬರೆದಿದ್ದೇನೆ, ನಾಲ್ಕು ಗೆರೆ ಖಾಲಿ ಬಿಟ್ಟಿದ್ದೇನೆ. ಹಿಂದಿನ ಸಾಲು, ಎಡಗಡೆ, ಮಲ್ಲಿಗೆ ಮುಡಿದವರು ಯಾರು ಅಂತ ಗೊತ್ತಿದ್ದವರು ದಯವಿಟ್ಟು ಪತ್ರಿಕೆಗೆ ಬರೆಯಿರಿ.

— ಒಬ್ಬ ಓದುಗ, ಬೆಂಗಳೂರು