ಡಾಂಗಲ್ ಬಾಡಿಗೆ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಖಿನಿಂದ ಲ್ಯಾಪ್‌ಟಾಪ್‌ಗೆ ಚುಚ್ಚುವ ಯುಎಸ್‌ಬಿ ಡೇಟಾ ಕಾರ್ಡ್‌ಗಳನ್ನು, ಅಂದರೆ ನಾವೆಲ್ಲ ಡಾಂಗಲ್ ಅನ್ನುವುದನ್ನು, ಬಾಡಿಗೆಗೆ ಕೊಡುವುದು ನಿಲ್ಲುತ್ತದೆ. ಅದರ ಬದಲು ಅಂಗೈಯಲ್ಲಿ ಹಿಡಿಯುವಷ್ಟಿರುವ, ಒಳಗೇ ಬ್ಯಾಟರಿ ಇರುವ 4ಜಿ ವೈಫೈ ಹಾಟ್‌ಸ್ಪಾಟ್ ಕೊಡುತ್ತೇವೆ. ಬಾಡಿಗೆಯೂ ಅಷ್ಟೇ, ಠೇವಣಿಯೂ ಅಷ್ಟೇ. ಈಗ ನಿಮ್ಮ ಬಳಿ ಇರುವ ಡಾಂಗಲನ್ನು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಬಹುದು. ಬೇಡ ಅನ್ನಿಸಿದರೆ ಇವತ್ತೇ ತಂದು ಬದಲಾಯಿಸಿಕೊಳ್ಳಬಹುದು.

ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಎಂದು ಕೇಳುವವರಿಗೆ ಮುಂದಿನದು.

ಕೆಲವು ತಿಂಗಳ ಹಿಂದೆ, ಲೆಕ್ಕಪತ್ರದ ಕೆಲಸಕ್ಕೆ ಊರೂರು ತಿರುಗುವ ಗ್ರಾಹಕರೊಬ್ಬರು ಸಂಜೆ ಫೋನ್ ಮಾಡಿದರು. "ಕನೆಕ್ಟೆಡ್ ಅಂತ ತೋರಿಸ್ತಿದೆ, ಸಿಗ್ನಲ್ ಕಡ್ಡಿನೂ ಪೂರ್ತಿ ಇದೆ, ಒಂದು ಪೇಜ್ ಮಾತ್ರ ಓಪನ್ ಆಗ್ತಿಲ್ಲ" ಅಂದರು. ತೆಗೆದು ಮತ್ತೆ ಹಾಕಿ ಅಂದೆವು. ಸಾಫ್ಟ್‌ವೇರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಅಂದೆವು. ಸಿಮ್ ಒರೆಸಿ ಹಾಕಿ ಅಂದೆವು. ಪಾಪ, ಮುಕ್ಕಾಲು ಗಂಟೆ ನಾವು ಹೇಳಿದ್ದನ್ನೆಲ್ಲ ಮಾಡಿದರು. ಕೊನೆಗೆ ನಮ್ಮಲ್ಲೊಬ್ಬರಿಗೆ ಹೊಳೆದು, "ಡಾಂಗಲ್ ಮೇಲಿನ ಲೈಟ್ ಯಾವ ಬಣ್ಣದ್ದಿದೆ ಮೇಡಂ?" ಎಂದು ಕೇಳಿದರು. ಹಸಿರು ಅಂದರು. ಆ ಮಾಡೆಲ್‌ನಲ್ಲಿ ನೀಲಿ ಅಂದರೆ 3ಜಿ, ಹಸಿರು ಅಂದರೆ 2ಜಿ.

ಡಾಂಗಲ್ ಕೆಟ್ಟಿರಲಿಲ್ಲ. ಅವರಿದ್ದ ಜಾಗದಲ್ಲಿ ಮೊಬೈಲ್ ಕಂಪನಿಯವರು 3ಜಿಯನ್ನೇ ಬಂದ್ ಮಾಡಿದ್ದರು. ಆ ಡಾಂಗಲ್‌ಗೆ 4ಜಿ ಗೊತ್ತಿಲ್ಲ, ಹಾಗಾಗಿ ಜಾರಿ 2ಜಿಗೆ ಹೋಗಿ ಕೂತಿತ್ತು. ಕಡ್ಡಿಗಳು ಟವರಿನ ಸಿಗ್ನಲ್ ಎಷ್ಟು ಗಟ್ಟಿ ಎಂದು ತೋರಿಸುತ್ತವೆಯೇ ಹೊರತು ಅದರಲ್ಲಿ ಎಷ್ಟು ವೇಗ ಸಿಗುತ್ತದೆ ಎಂದಲ್ಲ. 2ಜಿಯಲ್ಲಿ ಸೆಕೆಂಡಿಗೆ 100 ಕಿಲೋಬಿಟ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅವರು ಕಳಿಸಬೇಕಿದ್ದ 20 ಎಂಬಿ ಫೈಲ್ ಹೋಗಲು 27 ನಿಮಿಷ ಬೇಕು, ಅದೂ ಮಧ್ಯೆ ಎಲ್ಲೂ ಕಡಿದುಹೋಗದಿದ್ದರೆ. ಆ ದಿನದ ಓಡಾಟಕ್ಕೆ ಅವರಲ್ಲಿ ಕ್ಷಮೆ ಕೇಳಿದ್ದೇವೆ, ಬಾಡಿಗೆಯನ್ನೂ ಬಿಟ್ಟಿದ್ದೇವೆ. ಮೊದಲ ನಿಮಿಷದಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಮುಕ್ಕಾಲು ಗಂಟೆ ಬಿಟ್ಟು ಕೇಳಿದೆವಲ್ಲ ಎಂಬ ಮುಜುಗರ ಮಾತ್ರ ಹಾಗೇ ಉಳಿದಿದೆ.

ಇದು ಒಂದು ಜಾಗದ ಕಥೆಯೂ ಅಲ್ಲ. 3ಜಿ ಸೇವೆ ವಾಣಿಜ್ಯವಾಗಿ ಮೊದಲು ಶುರುವಾದದ್ದು ಜಪಾನಿನಲ್ಲಿ, 2001ರ ಅಕ್ಟೋಬರ್‌ನಲ್ಲಿ. ಎರಡು ದಶಕ ಕಳೆಯುವಷ್ಟರಲ್ಲಿ ಅದನ್ನು ಮುಚ್ಚುವ ಸರದಿ ಬಂತು. ಜರ್ಮನಿಯಲ್ಲಿ 2021ರಲ್ಲಿ ನಿಂತಿತು, ಅಮೆರಿಕದ ಮೂರು ದೊಡ್ಡ ಕಂಪನಿಗಳು 2022ರೊಳಗೆ ನಿಲ್ಲಿಸಿದವು. ಕಾರಣ ಸರಳ: ತರಂಗಾಂತರ ಇರುವುದೇ ಇಷ್ಟು, ಅದೇ ತರಂಗಾಂತರದಲ್ಲಿ 4ಜಿ ಓಡಿಸಿದರೆ ಹೆಚ್ಚು ಡೇಟಾ ಸಾಗುತ್ತದೆ. ತಮಾಷೆಯೆಂದರೆ ಎಷ್ಟೋ ಕಡೆ ತಮ್ಮನಾದ 3ಜಿ ಹೋದರೂ ಅಣ್ಣ 2ಜಿ ಇನ್ನೂ ಗಟ್ಟಿಯಾಗಿದ್ದಾನೆ. ಹಳೇ ಫೋನ್‌ಗಳು, ಮೀಟರುಗಳು, ಅಲಾರ್ಮ್ ಯಂತ್ರಗಳು ಅವನನ್ನೇ ನಂಬಿಕೊಂಡಿವೆ. ಹಾಗಾಗಿಯೇ ನಮ್ಮ ಹಳೇ ಡಾಂಗಲ್‌ಗಳು ಪೂರ್ತಿ ಸಾಯುವುದಿಲ್ಲ, ಬದುಕಿದಂತೆ ನಟಿಸುತ್ತವೆ. ಪೂರ್ತಿ ಸತ್ತಿದ್ದರೆ ಆ ಮೇಡಂಗೂ ನಮಗೂ ಬೇಗ ಗೊತ್ತಾಗುತ್ತಿತ್ತು.

ಹಾಗಾದರೆ 4ಜಿ ಡಾಂಗಲ್ ತರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 4ಜಿ ಮೊದಲು ಜನರ ಕೈಗೆ ಬಂದದ್ದೇ ಡಾಂಗಲ್ ರೂಪದಲ್ಲಿ: 2009ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ ಸೇವೆ ಶುರುವಾದಾಗ 4ಜಿ ಫೋನೇ ಇರಲಿಲ್ಲ, ಲ್ಯಾಪ್‌ಟಾಪ್‌ಗೆ ಡಾಂಗಲ್ ಚುಚ್ಚಿಯೇ ಬಳಸಿದರು. ನಾವೂ ಒಂದಷ್ಟು ತರಿಸಿ ನೋಡಿದೆವು. ಮೊದಲ ತಾಪತ್ರಯ ಪೋರ್ಟಿನದು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹಳೇ ಅಗಲದ ಯುಎಸ್‌ಬಿ ಕಿಂಡಿಯೇ ಇರುವುದಿಲ್ಲ. ಅಡಾಪ್ಟರ್ ಸಿಕ್ಕಿಸಿ ಅದರ ತುದಿಗೆ ಡಾಂಗಲ್ ಸಿಕ್ಕಿಸಿದರೆ ಮೀನಿನ ಗಾಳದಂತೆ ಹೊರಗೆ ಚಾಚಿಕೊಂಡಿರುತ್ತದೆ. ಪಕ್ಕದವರ ಮೊಣಕೈ ತಾಗಿದರೆ ಬಗ್ಗುವುದು ಡಾಂಗಲ್ ಒಂದೇ ಅಲ್ಲ, ಪೋರ್ಟೂ ಹೋಗುತ್ತದೆ. ಎರಡನೆಯದು ಸಾಫ್ಟ್‌ವೇರ್. ಹಳೇ ಮಾದರಿಯ ಎಷ್ಟೋ ಡಾಂಗಲ್‌ಗಳು ಚುಚ್ಚಿದ ತಕ್ಷಣ ತಾವು ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ, ಸಿಡಿ ಡ್ರೈವ್ ಎಂದು ಪರಿಚಯಿಸಿಕೊಂಡು ತಮ್ಮೊಳಗಿನ ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಿಸಿಕೊಂಡು ಆಮೇಲೆ ವೇಷ ಬದಲಿಸುತ್ತವೆ. ಆ ಪ್ರೋಗ್ರಾಮ್ ಹಳೆಯದಾದರೆ ಹೊಸ ಲ್ಯಾಪ್‌ಟಾಪ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮೂರನೆಯದು ಕರೆಂಟು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. ಸಿಗ್ನಲ್ ಕಮ್ಮಿಯಿದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಜೋರಾಗಿ ಕೂಗಿದಷ್ಟೂ ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿ ಕರಗುತ್ತದೆ.

ಆದರೆ ನಮ್ಮ ಮನಸ್ಸು ಬದಲಾದದ್ದು ಇವು ಮೂರರಿಂದಲ್ಲ, ಕಿಟಕಿಯಿಂದ. ಡಾಂಗಲ್ ಲ್ಯಾಪ್‌ಟಾಪ್ ಇದ್ದಲ್ಲೇ ಇರಬೇಕು. ಹಾಟ್‌ಸ್ಪಾಟ್ ಹಾಗಲ್ಲ, ಸಿಗ್ನಲ್ ಇದ್ದಲ್ಲಿ ಅದು, ನೆರಳು ಇದ್ದಲ್ಲಿ ನೀವು. ಅದರ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲ್ ಬಲ ಹೇಳುವ ಸಂಖ್ಯೆ ಕಾಣುತ್ತದೆ, ಮೈನಸ್‌ನಲ್ಲಿ. ಮೈನಸ್ 85ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 115ಕ್ಕಿಂತ ಕೆಳಗಿಳಿದರೆ ಕಷ್ಟ. ಇದರಲ್ಲಿ ಹತ್ತು ಅಂಕಿಯ ವ್ಯತ್ಯಾಸ ಅಂದರೆ ಸಿಗ್ನಲ್ ಬಲದಲ್ಲಿ ಹತ್ತು ಪಟ್ಟು. ಹಾಟ್‌ಸ್ಪಾಟ್ ಡಬ್ಬಿಯನ್ನು ಕೋಣೆಯ ನಡುವಿನಿಂದ ಎತ್ತಿ ಕಿಟಕಿ ಕಟ್ಟೆಗೆ ಇಡಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಸಂಖ್ಯೆ ಕದಲದಿದ್ದರೆ ಬೇರೆ ಕಿಟಕಿ ನೋಡಿ. ಕಬ್ಬಿಣದ ಬೀರು, ಫ್ರಿಜ್ ಪಕ್ಕ ಮಾತ್ರ ಬೇಡ.

ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫೋನು, ಲ್ಯಾಪ್‌ಟಾಪ್ ಜೊತೆಗೆ ಚಾರ್ಜ್ ಮಾಡಬೇಕಾದ ಮೂರನೇ ವಸ್ತು ಬಂತು. ಮರೆತರೆ ಒಂದು ದಾರಿ ಇದೆ: ಯುಎಸ್‌ಬಿ ವಯರ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಡಬ್ಬಿ ಚಾರ್ಜೂ ಆಗುತ್ತದೆ, ಡಾಂಗಲ್‌ನಂತೆ ನೆಟ್ಟೂ ಕೊಡುತ್ತದೆ. ನಾವು ಕೊಟ್ಟ ವಯರನ್ನೇ ಬಳಸಿ. ಬರೀ ಚಾರ್ಜ್ ಮಾಡುವ, ಡೇಟಾ ಸಾಗಿಸದ ವಯರುಗಳು ನೋಡಲು ಥೇಟ್ ಹೀಗೇ ಇರುತ್ತವೆ. ನಾವೇ ಎರಡು ಸಲ ಮೋಸ ಹೋಗಿ ಈಗ ನಮ್ಮದಕ್ಕೆ ಹಳದಿ ಟೇಪ್ ಸುತ್ತಿದ್ದೇವೆ.

ಇನ್ನೊಂದನ್ನು ದಯವಿಟ್ಟು ಗಮನವಿಟ್ಟು ಓದಿ, ಯಾಕೆಂದರೆ ಇಲ್ಲಿ ನಿಮ್ಮ ಡೇಟಾ ಹೋಗುತ್ತದೆ. ಮೊಬೈಲ್ ನೆಟ್‌ವರ್ಕ್ ಎಂದು ಗುರುತು ಸಿಕ್ಕಾಗ ವಿಂಡೋಸ್ ತಾನಾಗಿಯೇ ಕೈ ಬಿಗಿಹಿಡಿಯುತ್ತದೆ, ದೊಡ್ಡ ಅಪ್‌ಡೇಟ್‌ಗಳನ್ನು ಮುಂದಕ್ಕೆ ಹಾಕುತ್ತದೆ. ಹಾಟ್‌ಸ್ಪಾಟ್ ಅದರ ಕಣ್ಣಿಗೆ ಮನೆಯ ವೈಫೈ ಇದ್ದಂತೆಯೇ. ಸಿಕ್ಕಿತಲ್ಲ ಎಂದು ಅಪ್‌ಡೇಟು, ಫೋಟೊ ಬ್ಯಾಕಪ್ಪು ಎಲ್ಲಾ ಶುರುಮಾಡುತ್ತದೆ. ಆದ್ದರಿಂದ ಮೊದಲ ಸಲ ಜೋಡಿಸಿದ ಕೂಡಲೇ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಹೊಸ ಮ್ಯಾಕ್‌ಗಳಲ್ಲಿ ಇದೇ ಕೆಲಸಕ್ಕೆ 'ಲೋ ಡೇಟಾ ಮೋಡ್' ಇದೆ. ಅಂದಾಜಿಗೆ ಒಂದು ಲೆಕ್ಕ ನೆನಪಿರಲಿ: ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಗಂಟೆ ಓಡಿದರೆ 450 ಎಂಬಿ. ವಿಡಿಯೊ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದರೆ ಎಷ್ಟು ಉಳಿಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಡಬ್ಬಿಯ ಹಿಂದೆ ಅಂಟಿಸಿರುವ ಪಾಸ್‌ವರ್ಡನ್ನೂ ಬದಲಾಯಿಸಿಕೊಳ್ಳಿ. ಡಬ್ಬಿ ನೋಡಿದವರೆಲ್ಲ ಅದನ್ನೂ ಓದಿರುತ್ತಾರೆ.

"ನನ್ನ ಫೋನಿನಲ್ಲೇ ಹಾಟ್‌ಸ್ಪಾಟ್ ಇದೆಯಲ್ಲ, ನಿಮ್ಮದು ಯಾಕೆ?" ದಿನಕ್ಕೆ ಅರ್ಧ ಗಂಟೆ ಮೇಲ್ ನೋಡುವುದಷ್ಟೇ ಇದ್ದರೆ ಫೋನೇ ಸಾಕು, ಸುಮ್ಮನೆ ನಮಗೆ ಬಾಡಿಗೆ ಕೊಡಬೇಡಿ. ಇಡೀ ದಿನದ ಕೆಲಸವಿದ್ದರೆ, ನಾಲ್ಕು ಜನ ಒಟ್ಟಿಗೆ ಕೂರುವುದಿದ್ದರೆ, ಅಥವಾ ನಿಮ್ಮ ಫೋನಿನ ಕಂಪನಿಗೆ ಅಲ್ಲಿ ಟವರ್ ಸರಿಯಿಲ್ಲದೆ ಬೇರೆ ಕಂಪನಿಯ ಸಿಮ್ ಬೇಕಿದ್ದರೆ ಈ ಡಬ್ಬಿ ಕೆಲಸಕ್ಕೆ ಬರುತ್ತದೆ. ಫೋನು ಬಿಸಿಯಾಗಿ ಸಂಜೆ ಐದಕ್ಕೇ ಮಲಗುವುದೂ ತಪ್ಪುತ್ತದೆ.

ನಿಮ್ಮದೇ ಸಿಮ್ ಹಾಕಿಕೊಳ್ಳುವವರಿಗೆ ಒಂದು ಮಾತು. ಹಳೇ ಡಾಂಗಲ್‌ಗೆ ಹೋಗುತ್ತಿದ್ದದ್ದು 25 ಮಿಲಿಮೀಟರ್ ಉದ್ದ, 15 ಅಗಲದ ದೊಡ್ಡ ಸಿಮ್. ಡಬ್ಬಿಗೆ ಬೇಕಿರುವುದು ನ್ಯಾನೊ. ಕತ್ತರಿ ಹಿಡಿಯಬೇಡಿ. ತೀರಾ ಹಳೇ ಸಿಮ್ ಆದರೆ ಕತ್ತರಿಸಿದರೂ 4ಜಿ ಹಿಡಿಯುವುದಿಲ್ಲ, ನಿಮ್ಮ ಕಂಪನಿಯಲ್ಲಿ ಅದೇ ನಂಬರಿಗೆ ಹೊಸ ಸಿಮ್ ಕೇಳಿ. ಎಪಿಎನ್ ಸೆಟ್ಟಿಂಗ್, ಅಂದರೆ ಸಿಮ್ ಯಾವ ದಾರಿಯಲ್ಲಿ ನೆಟ್‌ಗೆ ಹೋಗಬೇಕು ಎಂದು ಡಬ್ಬಿಗೆ ಹೇಳುವುದು, ಹಾಕಿಕೊಡುವುದು ನಮ್ಮ ಜವಾಬ್ದಾರಿ.

ನಮ್ಮ ಚೀಲದ ಮೇಲೆ ಇಷ್ಟು ವರ್ಷ 'ಎಲ್ಲಿ ಬೇಕಾದರೂ ನೆಟ್' ಎಂದು ಅಚ್ಚು ಹಾಕಿಸುತ್ತಿದ್ದೆವು. ಹೊಸ ಚೀಲದಲ್ಲಿ ಅದು ಇರುವುದಿಲ್ಲ. ಟವರ್ ಇಲ್ಲದ ಕಡೆ, ಸುರಂಗದಲ್ಲಿ, ನೆಲಮಾಳಿಗೆಯಲ್ಲಿ ಯಾವ ಡಬ್ಬಿಯೂ ನೆಟ್ ಹುಟ್ಟಿಸುವುದಿಲ್ಲ. ಓಡುವ ರೈಲಿನಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ಕಾಲ್ ತಡವರಿಸುವುದು ಇದರಲ್ಲೂ ಇರುತ್ತದೆ.

ಡಾಂಗಲ್ ವಾಪಸ್ ಕೊಡುವ ಮುನ್ನ ಸಿಮ್ ತೆಗೆದುಕೊಳ್ಳಿ. ಪಕ್ಕದ ಸಣ್ಣ ಕಿಂಡಿಯಲ್ಲಿ ಮೆಮೊರಿ ಕಾರ್ಡ್ ಇದೆಯೇ ಎಂದೂ ನೋಡಿ. ಪೆನ್‌ಡ್ರೈವ್‌ನಂತೆ ಬಳಸಿ ಮರೆತವರ ಒಂಬತ್ತು ಕಾರ್ಡ್‌ಗಳು ನಮ್ಮ ಡ್ರಾಯರ್‌ನಲ್ಲಿವೆ, ತೆರೆದು ನೋಡಿಲ್ಲ, ಗುರುತು ಹೇಳಿ ಒಯ್ಯಬಹುದು. ವಾಪಸ್ ಬಂದ ಡಾಂಗಲ್‌ಗಳನ್ನು ಇ-ತ್ಯಾಜ್ಯದವರಿಗೆ ಕೊಡುತ್ತೇವೆ. ಅದರ ಮುಚ್ಚಳ ಕಳೆದಿದ್ದರೆ ಠೇವಣಿಯಲ್ಲಿ ಹಿಡಿದುಕೊಳ್ಳುತ್ತಿದ್ದೆವು, ಇನ್ನು ಹಿಡಿಯುವುದಿಲ್ಲ. ಮುಚ್ಚಳ ಇಲ್ಲ ಎಂದು ಸಂಕೋಚಪಟ್ಟು ಮನೆಯಲ್ಲೇ ಇಟ್ಟುಕೊಂಡವರು ಧಾರಾಳವಾಗಿ ತನ್ನಿ.

ಇಂತಿ,
ನಿಮ್ಮ ಬಾಡಿಗೆ ಕೌಂಟರಿನವರು